ಮರ್ಸ್: ಭಯ ಒಂದೆಡೆ, ಸೋಂಕು ಇನ್ನೊಂದೆಡೆ

2014ರ ಮೇ ತಿಂಗಳಲ್ಲಿ ಸೌದಿ ಅರೇಬಿಯಾದ ಕೆಲವು ಒಂಟೆ ಸಾಕಣೆದಾರರು ತಮ್ಮ ಒಂಟೆಗಳಿಗೆ ಮುತ್ತಿಡುವ ವಿಡಿಯೊಗಳನ್ನು ಹರಿಬಿಟ್ಟರು. ಒಂಟೆಯಿಂದ ಮರ್ಸ್ ಎಂಬ ಉಸಿರಾಟದ ಸೋಂಕು ತಗುಲಬಹುದು, ಹತ್ತಿರ ಹೋಗುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಿ ಎಂದು ಕೃಷಿ ಸಚಿವಾಲಯ ಹೇಳಿದ್ದಕ್ಕೆ ಅದು ಅವರ ಉತ್ತರ. ಬರೀ ಉಡಾಫೆ ಎಂದು ತಳ್ಳಿಹಾಕುವಂತಿಲ್ಲ. ಮರ್ಸ್ ವೈರಸ್ ತಗುಲಿದ ಒಂಟೆಗೆ ಹೆಚ್ಚೆಂದರೆ ಮೂಗು ಸೋರುತ್ತದೆ, ಅಷ್ಟೆ. ಕಣ್ಣೆದುರು ಗಟ್ಟಿಮುಟ್ಟಾಗಿ ನಿಂತ ಪ್ರಾಣಿ ಮನುಷ್ಯನನ್ನು ಕೊಲ್ಲಬಲ್ಲದು ಎಂದರೆ ಸಾಕಿದವನು ನಂಬುವುದು ಕಷ್ಟ.

ಸರ್ಕಾರದ ಮೇಲಿನ ನಂಬಿಕೆ ಅದಕ್ಕೂ ಮೊದಲೇ ಸಡಿಲವಾಗಿತ್ತು. 2012ರ ಜೂನ್‌ನಲ್ಲಿ ಜೆಡ್ಡಾದ ಆಸ್ಪತ್ರೆಯೊಂದರಲ್ಲಿ 60 ವರ್ಷದ ವ್ಯಕ್ತಿ ತೀರಿಕೊಂಡರು. ಅಲ್ಲಿದ್ದ ಈಜಿಪ್ಟಿನ ವೈರಾಣು ತಜ್ಞ ಅಲಿ ಮೊಹಮ್ಮದ್ ಝಕಿ, ಕಫದಲ್ಲಿ ಸಿಕ್ಕ ವೈರಸ್ಸನ್ನು ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮಿಗೆ ಕಳಿಸಿ, ಇದು ಹೊಸ ಕೊರೋನಾ ವೈರಸ್ ಎಂದು ಸೆಪ್ಟೆಂಬರ್‌ನಲ್ಲಿ ಜಗತ್ತಿಗೆ ತಿಳಿಸಿದರು. ಅನುಮತಿಯಿಲ್ಲದೆ ಮಾದರಿ ಕಳಿಸಿದ್ದಕ್ಕೆ ಸರ್ಕಾರ ಮುನಿಯಿತು. ಝಕಿ ಕೆಲಸ ಕಳೆದುಕೊಂಡು ಊರಿಗೆ ಮರಳಿದರು. 2014ರ ಏಪ್ರಿಲ್‌ನಲ್ಲಿ ಜೆಡ್ಡಾದಲ್ಲಿ ಸೋಂಕು ಏರುತ್ತಿದ್ದಾಗ ಆರೋಗ್ಯ ಸಚಿವರ ತಲೆದಂಡವಾಯಿತು. ವಿಡಿಯೊಗಳ ಮರುತಿಂಗಳು, ಜೂನ್‌ನಲ್ಲಿ, ಹಳೆಯ ಲೆಕ್ಕಕ್ಕೆ ಬಿಟ್ಟುಹೋಗಿದ್ದ 113 ಪ್ರಕರಣಗಳನ್ನು ಒಮ್ಮೆಲೇ ಸೇರಿಸಲಾಯಿತು. ಇಷ್ಟಾದ ಮೇಲೆ ಸರ್ಕಾರದ ಮಾತಿಗೆ ಎಷ್ಟು ಬೆಲೆ ಉಳಿದೀತು?

ಒಂಟೆಯ ಪಾತ್ರ ಸುಳ್ಳಲ್ಲ. 1992ರಲ್ಲಿ ತೆಗೆದಿಟ್ಟಿದ್ದ ಸೌದಿ ಒಂಟೆಗಳ ರಕ್ತದಲ್ಲೂ ಈ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಸಿಕ್ಕಿದೆ. ಮರಿಗಳ ಮೂಗಿನಲ್ಲಿ ವೈರಸ್ ಹೆಚ್ಚು. ಮಧುಮೇಹ, ಕಿಡ್ನಿ ವೈಫಲ್ಯ, ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು ಒಂಟೆಯಿಂದ ದೂರ ಇರಬೇಕು. ಹಸಿ ಹಾಲು ಯಾರಿಗೂ ಬೇಡ; 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದರೆ ವೈರಸ್ ಉಳಿಯುವುದಿಲ್ಲ.

ಆದರೆ ಮನುಷ್ಯರಿಂದ ಮನುಷ್ಯರಿಗೆ ಇದು ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು ಆಸ್ಪತ್ರೆಗಳಲ್ಲಿ. ಕಾರಣ ಶರೀರದೊಳಗೇ ಇದೆ. ಜೀವಕೋಶಗಳ ಮೇಲೆ ಮರ್ಸ್ ಅಂಟಿಕೊಳ್ಳುವ ಗ್ರಾಹಕಗಳು (ರಿಸೆಪ್ಟರ್) ಮನುಷ್ಯನ ಮೂಗಿನಲ್ಲಿ ಕಡಿಮೆ, ಶ್ವಾಸಕೋಶದ ಆಳದಲ್ಲಿ ಹೆಚ್ಚು. ಹಾಗಾಗಿ ಬೀದಿಯಲ್ಲಿ ಓಡಾಡುವ ಸೋಂಕಿತ ಹೆಚ್ಚೇನೂ ಹರಡುವುದಿಲ್ಲ. ಕಾಯಿಲೆ ಬಿಗಡಾಯಿಸಿ, ಕೆಮ್ಮು ಹೆಚ್ಚಾಗಿ, ಗಂಟಲಿಗೆ ಟ್ಯೂಬ್ ಇಳಿಸಿ ಕಫ ಎಳೆಯುವ ಹೊತ್ತಿಗೆ ವೈರಸ್ ಗಾಳಿಗೆ ಬರುತ್ತದೆ. ಆಗ ಪಕ್ಕದಲ್ಲಿರುವವರು ನರ್ಸ್, ಡಯಾಲಿಸಿಸ್ ರೋಗಿ, ಮನೆಯವರು. ಮೂಗು, ಗಂಟಲಿನ ದ್ರವ ಮಾತ್ರ ಪರೀಕ್ಷಿಸಿ ನೆಗೆಟಿವ್ ಎಂದು ರೋಗಿಯನ್ನು ಸಾಮಾನ್ಯ ವಾರ್ಡಿಗೆ ಹಾಕುವುದು ಎಡವಟ್ಟಾಗುವುದೂ ಇದಕ್ಕೇ: ಆಳದಿಂದ ಬಂದ ಕಫವನ್ನೂ ಪರೀಕ್ಷಿಸಬೇಕು.

ದಕ್ಷಿಣ ಕೊರಿಯಾ ಇದಕ್ಕೆ ಬೆಲೆ ತೆತ್ತಿತು. 2015ರ ಮೇನಲ್ಲಿ ಕೊಲ್ಲಿ ದೇಶಗಳಿಂದ ಮರಳಿದ ಒಬ್ಬರು ಒಂದಾದ ಮೇಲೊಂದು ಆಸ್ಪತ್ರೆ ಸುತ್ತಿದರು. ಅವರಿಂದ ಸೋಂಕು ತಗುಲಿಸಿಕೊಂಡ ಇನ್ನೊಬ್ಬ ರೋಗಿ ರಾಜಧಾನಿ ಸೋಲ್‌ನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮೂರು ದಿನ ಇದ್ದುದರಿಂದಲೇ 82 ಜನರಿಗೆ ಅಂಟಿತು. ರೋಗಿಯ ಮಂಚದ ಪಕ್ಕ ಮನೆಯವರೇ ಉಳಿದು ಆರೈಕೆ ಮಾಡುವ ಪದ್ಧತಿ ಅಲ್ಲೂ ಉಂಟು, ನಮ್ಮಲ್ಲಿರುವಂತೆ. ಸರ್ಕಾರ ಆಸ್ಪತ್ರೆಗಳ ಹೆಸರನ್ನು ಜೂನ್ 7ರವರೆಗೆ ಬಚ್ಚಿಟ್ಟಿತು. ಎಲ್ಲಿಗೆ ಹೋಗಬಾರದೆಂದು ತಿಳಿಯದ ಜನ ಎಲ್ಲದಕ್ಕೂ ಹೆದರಿದರು, ಶಾಲೆಗಳು ಮುಚ್ಚಿದವು. ಕೊನೆಗೆ ಸೋಂಕಿತರು 186, ಸತ್ತವರು 38. ಆ ಸಿಟ್ಟಿನಿಂದಲೇ ಕಾನೂನು ಬದಲಾಯಿತು. 2020ರಲ್ಲಿ ಸೋಂಕಿತರ ಓಡಾಟದ ವಿವರ ಅಲ್ಲಿನ ಮೊಬೈಲ್‌ಗಳಿಗೆ ಬರತೊಡಗಿದ್ದು ಹಾಗೆ.

ಕರಾವಳಿಯ ಮನೆಮನೆಗೂ ಗಲ್ಫ್ ನಂಟಿದ್ದರೂ ನಮ್ಮಲ್ಲಿ ಈ ಹೆಸರು ನಾಲಿಗೆಗೆ ಹತ್ತಿಲ್ಲ. 2020ರ ಜನವರಿಯಲ್ಲಿ ಸೌದಿಯಲ್ಲಿದ್ದ ಕೇರಳದ ನರ್ಸ್ ಒಬ್ಬರಿಗೆ ತಗುಲಿದ್ದು ಮರ್ಸ್. ಸುದ್ದಿಯಾಗಿದ್ದು ವುಹಾನ್ ವೈರಸ್ ಎಂದು. ಗಲ್ಫಿನಿಂದ ಬಂದ 14 ದಿನದೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಮಾಸ್ಕ್ ಹಾಕಿಕೊಂಡು ಹೋಗಿ, ಪ್ರಯಾಣದ ವಿಷಯವನ್ನು ಚೀಟಿ ಮಾಡಿಸುವಾಗಲೇ ಹೇಳಬೇಕು. ಡಾಕ್ಟರ್ ಕೇಳಲಿ ಎಂದು ಕಾಯುತ್ತ ಕೂತರೆ ಹೊರಗಿನ ಬೆಂಚಿನಲ್ಲೇ ಗಂಟೆ ಕಳೆದಿರುತ್ತದೆ.

ಇದಕ್ಕೆ ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ. 2025ರ ವಸಂತದಲ್ಲಿ ರಿಯಾದ್‌ನಲ್ಲಿ ಒಬ್ಬ ರೋಗಿಯನ್ನು ನೋಡಿಕೊಂಡ ಆರು ಆರೋಗ್ಯ ಸಿಬ್ಬಂದಿಗೆ ಸೋಂಕು ತಗುಲಿತು. ಅವರಲ್ಲಿ ನಾಲ್ವರಿಗೆ ಯಾವ ಲಕ್ಷಣವೂ ಇರಲಿಲ್ಲ.