ತುರಿದು ಮತ್ತೆ ಕಾಯಿಸುವ ಸೋಪು: ಎಣ್ಣೆ, ತುಪ್ಪ, ಪರಿಮಳದ ಲೆಕ್ಕ

ಮನೆಯಲ್ಲಿ ಕೋಲ್ಡ್ ಪ್ರೋಸೆಸ್ ಸೋಪು, ಅಂದರೆ ಎಣ್ಣೆಗೆ ಕಾಸ್ಟಿಕ್ ಸೋಡಾ ಕರಗಿಸಿದ ನೀರು ಬೆರೆಸಿ ಬೇಯಿಸದೆ ಮಾಡುವ ಸೋಪು, ಮಾಡುವವರಲ್ಲಿ ಹೆಚ್ಚಿನವರು ಬಾದಾಮಿ ಎಣ್ಣೆ, ಶಿಯಾ ಬೆಣ್ಣೆಯಂಥ ದುಬಾರಿ ಪದಾರ್ಥಗಳನ್ನು ಕೊನೆಯಲ್ಲಿ, ಮಿಶ್ರಣ ದಪ್ಪಗಾಗಿ ‘ಟ್ರೇಸ್’ ಬಂದ ಮೇಲೆ ಹಾಕುತ್ತಾರೆ. ತಡವಾಗಿ ಹಾಕಿದ್ದು ಸೋಪಾಗದೆ ಚರ್ಮಕ್ಕೆಂದು ಉಳಿಯುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಟ್ರೇಸ್ ಬಂದ ಹೊತ್ತಿಗೆ ಕಾಸ್ಟಿಕ್ ಸೋಡಾದ ಬಹುಪಾಲು ಕೆಲಸ ಇನ್ನೂ ಬಾಕಿ ಇರುತ್ತದೆ. ಮೊದಲು ಬಂದ ಎಣ್ಣೆ, ಆಮೇಲೆ ಬಂದ ಎಣ್ಣೆ ಎಂಬ ಭೇದ ಅದಕ್ಕಿಲ್ಲ. ನಿರ್ದಿಷ್ಟ ಎಣ್ಣೆಯೊಂದು ಎಣ್ಣೆಯಾಗಿಯೇ ಉಳಿಯಬೇಕಿದ್ದರೆ ಕಾಸ್ಟಿಕ್ ಪೂರ್ತಿ ತೀರಿದ ಮೇಲೆ ಹಾಕಬೇಕು. ಸಿದ್ಧ ಸೋಪನ್ನು ತುರಿದು, ಸ್ವಲ್ಪ ನೀರು ಕೂಡಿಸಿ, ಕಾಯಿಸಿ ಮತ್ತೆ ಅಚ್ಚಿಗೆ ಹಾಕುವ ರೀಬ್ಯಾಚ್ ವಿಧಾನದ ನಿಜವಾದ ಲಾಭ ಇದು. ಕೆಟ್ಟ ಸೋಪನ್ನು ರಿಪೇರಿ ಮಾಡುವುದು ಅದರ ಎರಡನೇ ಉಪಯೋಗ. ಕಾರ್ಖಾನೆಗಳೂ ಪರಿಮಳವನ್ನು ಸೋಪು ಸಿದ್ಧವಾದ ಮೇಲೆಯೇ ಸೇರಿಸುತ್ತವೆ: ಒಣಗಿದ ಸೋಪಿನ ಎಳೆಗಳಿಗೆ ಸುಗಂಧ ಬೆರೆಸಿ, ರೋಲರುಗಳ ನಡುವೆ ಹಾಯಿಸಿ ಬಿಲ್ಲೆ ಒತ್ತುತ್ತವೆ.

ಈ ಲಾಭದಲ್ಲೇ ಒಂದು ತೊಡಕೂ ಇದೆ. ಹಾಕಿದ್ದೆಲ್ಲ ಉಳಿಯುವುದರಿಂದ ಹೆಚ್ಚಾಗಿ ಹಾಕಿದ್ದೂ ಉಳಿಯುತ್ತದೆ. ಚಮಚದ ಲೆಕ್ಕದಲ್ಲಿ ಸುರಿದವರ ಸೋಪು ಮೆತ್ತಗಾಗಿ, ನೊರೆ ಬಿಡದೆ, ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಹಾಗಾಗಿ ಮೊದಲು ಲೆಕ್ಕ ಮಾಡೋಣ.

1,000 ಗ್ರಾಂ ಎಣ್ಣೆಗೆ ಸುಮಾರು 145 ಗ್ರಾಂ ಕಾಸ್ಟಿಕ್, 330 ಗ್ರಾಂ ನೀರು ಎಂದಿಟ್ಟುಕೊಂಡರೆ ಒಟ್ಟು ತೂಕ 1,475 ಗ್ರಾಂ. ಅಂದರೆ ಒಂದು ಕಿಲೋ ಹೊಸ ಸೋಪಿನಲ್ಲಿ 680 ಗ್ರಾಂನಷ್ಟು ಎಣ್ಣೆಯ ಪಾಲಿದೆ. ಶೇ 5ರ ಸೂಪರ್‌ಫ್ಯಾಟ್ ಇಟ್ಟು, ಅಂದರೆ ನೂರಕ್ಕೆ ಐದು ಪಾಲು ಎಣ್ಣೆ ಸೋಪಾಗದೆ ಉಳಿಯುವಂತೆ ಮಾಡಿದ್ದರೆ, ಅದರಲ್ಲಿ ಆಗಲೇ 34 ಗ್ರಾಂ ಬಿಡಿ ಎಣ್ಣೆ ಇದೆ. ಇದಕ್ಕೆ 30 ಗ್ರಾಂ ಸೇರಿಸಿದರೆ ಒಟ್ಟು 64 ಗ್ರಾಂ, ಶೇ 9ರ ಹತ್ತಿರ. ಮೈಗೆ ಹಚ್ಚುವ ಸೋಪಿಗೆ ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಹಾಕುವ ಆಸೆಯಿದ್ದರೆ ಮೂಲ ಸೋಪನ್ನೇ ಶೇ 2ರ ಸೂಪರ್‌ಫ್ಯಾಟಿನಲ್ಲಿ ಮಾಡಿಟ್ಟುಕೊಳ್ಳಿ. ಆಗ ಕಿಲೋಗೆ 45 ಗ್ರಾಂ ಸೇರಿಸಿದರೂ ಶೇ 9 ದಾಟುವುದಿಲ್ಲ, ಉಳಿಕೆಯ ಮುಕ್ಕಾಲು ಪಾಲು ನೀವು ಆರಿಸಿದ ಎಣ್ಣೆಯೇ ಆಗಿರುತ್ತದೆ. ಆದರೆ ಇಷ್ಟು ಬಿಗಿ ಲೆಕ್ಕಕ್ಕೆ ಒಂದು ಗ್ರಾಂ ತೋರಿಸುವ ತಕ್ಕಡಿಯೂ ತೇವ ಹೀರದ ಕಾಸ್ಟಿಕ್ಕೂ ಬೇಕು. ಬರೀ ಕೊಬ್ಬರಿ ಎಣ್ಣೆಯ ಸೋಪಿನ ಕತೆ ಬೇರೆ. ಅದು ಚರ್ಮವನ್ನು ಬಿಗಿಯುವಷ್ಟು ಖಾರ, ನೊರೆಯೂ ಹೇರಳ. ಶೇ 5ರಲ್ಲಿ ಮಾಡಿದ ಅಂಥ ಸೋಪಿಗೆ ಕಿಲೋಗೆ 90 ಗ್ರಾಂವರೆಗೂ ಹಾಕಬಹುದು, ನೊರೆ ಅಷ್ಟೇನೂ ಇಳಿಯುವುದಿಲ್ಲ.

ತುರಿಯುವ ಮುಂಚೆ ಸೋಪಿನಲ್ಲಿ ಕಾಸ್ಟಿಕ್ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ನೀವು ಹಾಕಿದ ಬಾದಾಮಿ ಎಣ್ಣೆಯನ್ನು ಅದೇ ನುಂಗುತ್ತದೆ. ಮೇಲ್ಮೈಯಲ್ಲಿರುವ ತೆಳುವಾದ ಬಿಳಿ ಪುಡಿ ಸಾಮಾನ್ಯವಾಗಿ ಗಾಳಿ ತಾಗಿ ಆದ ಸೋಡಿಯಂ ಕಾರ್ಬೊನೇಟ್, ಅದಕ್ಕೆ ಹೆದರಬೇಕಿಲ್ಲ. ಕತ್ತರಿಸಿದಾಗ ಒಳಗೆ ಬಿಳಿ ಹರಳು ಅಥವಾ ದ್ರವ ತುಂಬಿದ ಗೂಡು ಕಂಡರೆ ಕೈಗವಸು, ಕನ್ನಡಕ ಹಾಕದೆ ಮುಟ್ಟಬೇಡಿ. ಅರಿಸಿನ ನೀರು ಹಾಕಿ ಕೆಂಪಾದರೆ ಕಾಸ್ಟಿಕ್ ಇದೆ ಎನ್ನುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಸುಣ್ಣ ಬೆರೆತ ಅರಿಸಿನ ಕುಂಕುಮವಾಗುವುದು ಕ್ಷಾರದಿಂದ. ಒಳ್ಳೆಯ ಸೋಪಿನ ಪಿಎಚ್ ಕೂಡ 9ರಿಂದ 10 ಇರುವುದರಿಂದ ಅದೂ ಅರಿಸಿನವನ್ನು ಕೆಂಪಾಗಿಸುತ್ತದೆ. ಕ್ಷಾರ ತಾಗಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ಫಿನಾಲ್ಫ್ತಲೀನ್ ಬಳಸುವವರು ಸೋಪನ್ನು ನೀರಿನಲ್ಲಲ್ಲ, ಸ್ಪಿರಿಟ್ಟಿನಲ್ಲಿ ಕರಗಿಸಿ ನೋಡಬೇಕು. ಅದಿಲ್ಲದಿದ್ದರೆ ಎರಡು ವಾರ ಹಳೆಯ, ನೋಟಕ್ಕೆ ಸರಿಯಿರುವ ಸೋಪಿನ ಮೇಲೆ ಒದ್ದೆ ಬೆರಳು ಉಜ್ಜಿ, ನಾಲಿಗೆಯ ತುದಿಗೆ ತಾಗಿಸಿ, ಕೂಡಲೇ ಬಾಯಿ ತೊಳೆಯಿರಿ. ಸಪ್ಪೆ ಸೋಪಿನ ರುಚಿ ಬಂದರೆ ಸರಿ. ಚುರ್ ಎಂದು ತಟ್ಟಿದರೆ ಕಾಸ್ಟಿಕ್ ಉಳಿದಿದೆ.

ಎಷ್ಟು ಉಳಿದಿದೆ ಎಂದು ಗೊತ್ತಿದ್ದರೆ ಪರಿಹಾರ ಸುಲಭ. 5 ಗ್ರಾಂ ಕಾಸ್ಟಿಕ್‌ಗೆ 27 ಗ್ರಾಂ ಕೊಬ್ಬರಿ ಎಣ್ಣೆ ಅಥವಾ 39 ಗ್ರಾಂ ಹರಳೆಣ್ಣೆ ಬೇಕು. ಮಾಡುವಾಗ ಒಂದು ಎಣ್ಣೆಯನ್ನೇ ಮರೆತಿದ್ದರೆ ಅದೇ ಎಣ್ಣೆಯನ್ನು ಅದೇ ತೂಕದಲ್ಲಿ ಈಗ ಸೇರಿಸಿ. ಏನೂ ಗೊತ್ತಿಲ್ಲದಿದ್ದರೆ ಕಿಲೋಗೆ 20 ಗ್ರಾಂ ಎಣ್ಣೆ ಹಾಕಿ, ಅರ್ಧ ಗಂಟೆ ಬೇಯಿಸಿ, ಆರಿದ ಚೂರನ್ನು ಮತ್ತೆ ಪರೀಕ್ಷಿಸಿ. ಮೂರು ಸಲ ಹಾಕಿದರೂ ಹತೋಟಿಗೆ ಬರದ ಸೋಪನ್ನು ಬಟ್ಟೆ ಒಗೆಯಲು ಇಟ್ಟುಬಿಡಿ. ಸಿಟ್ರಿಕ್ ಆಮ್ಲದಿಂದಲೂ ಸರಿಪಡಿಸಬಹುದು, 5 ಗ್ರಾಂ ಕಾಸ್ಟಿಕ್‌ಗೆ 8 ಗ್ರಾಂ. ಅದರಿಂದಾಗುವ ಸೋಡಿಯಂ ಸಿಟ್ರೇಟ್ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಜಿಡ್ಡು ಕಟ್ಟುವುದನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಕಾಸ್ಟಿಕ್ ಉಳಿಯದ ಸೋಪಿಗೆ ‘ಚರ್ಮಕ್ಕೆ ಒಳ್ಳೆಯದು’ ಎಂದು ನಿಂಬೆರಸ ಹಿಂಡುವುದು ತಪ್ಪು. ಆಮ್ಲ ಆಗ ಸೋಪನ್ನೇ ಒಡೆದು ಕೊಬ್ಬಿನಾಮ್ಲವನ್ನು ಬಿಡಿಸುತ್ತದೆ, ನೊರೆ ಕುಗ್ಗುತ್ತದೆ.

ಎಣ್ಣೆ ಬೇರೆಯಾಗಿ ಮೇಲೆ ತೇಲಿದ ಸೋಪಿಗೆ ಬಹಳ ಸಲ ಏನನ್ನೂ ಸೇರಿಸಬೇಕಾಗಿಲ್ಲ. ಅಳತೆ ಸರಿಯಿದ್ದು, ಸಾಕಷ್ಟು ಕಡೆಯದೆ ಅಚ್ಚಿಗೆ ಹಾಕಿದ್ದರಿಂದ ಒಡೆದಿದ್ದರೆ, ಸೋಸಿ ತೆಗೆಯದೆ ಎಣ್ಣೆ, ನೀರು ಎಲ್ಲವನ್ನೂ ಕೂಡಿಸಿ ಬೇಯಿಸಿದರೆ ತಾನೇ ಒಂದಾಗುತ್ತದೆ. ಬೇರೆಯಾದ ನೀರಿನಲ್ಲೇ ಕಾಸ್ಟಿಕ್ ಇರುತ್ತದೆ, ಅದನ್ನು ಚೆಲ್ಲಿದರೆ ಲೆಕ್ಕ ತಪ್ಪುತ್ತದೆ.

ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂ, ಹಿಂಡಾಲಿಯಂ ಪಾತ್ರೆಗಳನ್ನು ಕ್ಷಾರ ತಿನ್ನುತ್ತದೆ. ತಾಮ್ರ, ಹಿತ್ತಾಳೆ, ಕಬ್ಬಿಣದ ಕಣಗಳು ಎಣ್ಣೆ ಕಮಟಾಗುವುದನ್ನು ಚುರುಕುಗೊಳಿಸುತ್ತವೆ. ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಎತ್ತರದ ಸ್ಟೀಲ್ ಪಾತ್ರೆ ಇಟ್ಟರೆ ಸಾಕು. ಕುಕ್ಕರ್ ಮುಚ್ಚಿ ಒತ್ತಡದಲ್ಲಿ ಬೇಯಿಸಬೇಡಿ. ಒಳಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಸೋಪು ಉಬ್ಬಿ ಬರುತ್ತದೆ. ಸೋಪನ್ನು ತುರಿಯುವ ಮಣೆಯ ಸಣ್ಣ ಕಣ್ಣಿನಲ್ಲಿ ತುರಿಯಿರಿ. ದಪ್ಪ ಚೂರು ಕೊನೆಯವರೆಗೂ ಗಂಟಾಗಿಯೇ ನಿಲ್ಲುತ್ತದೆ. ಅಂಗಡಿಯ ಸೋಪಿನ ತುಂಡುಗಳನ್ನು ಇದರ ಜೊತೆ ಬೆರೆಸಬೇಡಿ, ಎರಡೂ ಸಮನಾಗಿ ಮೆತ್ತಗಾಗುವುದಿಲ್ಲ.

ಎರಡು ವಾರದ ಸೋಪಿಗೆ ಕಿಲೋಗೆ 150ರಿಂದ 200 ಎಂ.ಎಲ್. ನೀರು ಸಾಕು. ಎರಡು ಮೂರು ತಿಂಗಳಷ್ಟು ಒಣಗಿದ್ದರೆ 250ರಿಂದ 300, ಜೊತೆಗೆ ಮುಚ್ಚಿಟ್ಟು ರಾತ್ರಿಯಿಡೀ ನೆನೆಸಬೇಕು. ಬೋರ್‌ವೆಲ್ ನೀರು ಬೇಡ, ಶುದ್ಧೀಕರಿಸಿದ ನೀರು ಅಥವಾ ಸೋಸಿದ ಮಳೆನೀರು ಒಳ್ಳೆಯದು. ಉರಿ ಸಣ್ಣಗಿಟ್ಟು, ಮುಚ್ಚಿ, ಕಾಲು ಗಂಟೆಗೊಮ್ಮೆ ಮಗುಚಿ. ಬೀಸಿ ಕಲಕಿದರೆ ಗಾಳಿ ಸೇರಿ ಬಿಲ್ಲೆಯ ತುಂಬ ತೂತು ಬೀಳುತ್ತದೆ. ಮೊದಲು ಅಂಚುಗಳು ಅರೆಪಾರದರ್ಶಕವಾಗುತ್ತವೆ. ಒಂದೂಕಾಲು ಗಂಟೆಯಿಂದ ಎರಡು ಗಂಟೆಯೊಳಗೆ ಇಡೀ ಮುದ್ದೆ ಹೊಳಪು ಬಂದು, ಹಾಲುಬಾಯಿಯ ಹಾಗೆ ಪಾತ್ರೆಯ ಬದಿ ಬಿಡುತ್ತದೆ. ಅದೇ ಹದ. ಮನೆಸೋಪು ಮೇಣದಂತೆ ಕರಗಿ ನೀರಾಗುವುದಿಲ್ಲ. ಕರಗಲೆಂದು ಕಾಯುತ್ತ ಮತ್ತೆ ಮತ್ತೆ ನೀರು ಹಾಕುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು. ಆ ನೀರೆಲ್ಲ ಆರುವಾಗ ಬಿಲ್ಲೆ ಕುಗ್ಗುತ್ತದೆ, ಬಾಗುತ್ತದೆ, ಬಿರಿಯುತ್ತದೆ. ಮುದ್ದೆ ಸಡಿಲವಾಗಬೇಕಿದ್ದರೆ ಉರಿ ಆರಿಸಿದ ಮೇಲೆ ಕಿಲೋಗೆ 30 ಗ್ರಾಂ ಗಂಟಿಲ್ಲದ ಮೊಸರನ್ನು ಬೆಚ್ಚಗೆ ಮಾಡಿ ಸೇರಿಸಿ, ಇಲ್ಲವೇ 20 ಗ್ರಾಂ ಸೋಡಿಯಂ ಲ್ಯಾಕ್ಟೇಟ್ ದ್ರಾವಣ ಬಳಸಿ.

ಇನ್ನು ಯಾವ ಎಣ್ಣೆ? ಸೋಪಾಗದೆ ಉಳಿಯುವ ಎಣ್ಣೆ ಬೇಗ ಕೆಡದಂಥದ್ದಾಗಿರಬೇಕು. ನನ್ನ ಮೊದಲ ಆಯ್ಕೆ ಮುರುಗಲು ತುಪ್ಪ, ಅಂಗಡಿಯಲ್ಲಿ ಕೋಕಂ ಬಟರ್ ಎಂದು ಸಿಗುವುದು. ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವುದೂ ಇದನ್ನೇ. 40 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ನಮ್ಮ ಬೇಸಿಗೆಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ, ಸೋಪನ್ನು ಮೆತ್ತಗೆ ಮಾಡುವುದಿಲ್ಲ. ಕಿಲೋಗೆ 20ರಿಂದ 25 ಗ್ರಾಂ ಸಾಕು. ಕೊಕೊ ಬೆಣ್ಣೆಯೂ ಆಗುತ್ತದೆ. ಶಿಯಾ ಬೆಣ್ಣೆ ನಿಧಾನವಾಗಿ ತಣಿದರೆ ರವೆಯಂಥ ಕಾಳು ಕಟ್ಟಬಹುದು, ಪೂರ್ತಿ ಕರಗಿಸಿ ಹಾಕಿ. ಹರಳೆಣ್ಣೆಯನ್ನು ಈ ಹಂತದಲ್ಲಿ ಹಾಕಿ ಪ್ರಯೋಜನವಿಲ್ಲ. ಅದು ನೊರೆಗೆ ನೆರವಾಗುವುದು ಸೋಪಾದಾಗ; ಎಣ್ಣೆಯಾಗಿ ಉಳಿದರೆ ಬರೀ ಅಂಟು. ಸೂರ್ಯಕಾಂತಿ, ಕುಸುಬೆ ಎಣ್ಣೆಗಳನ್ನು ದೂರವಿಡಿ. ಕಿತ್ತಳೆ ಬಣ್ಣದ ಚುಕ್ಕೆಗಳು ಏಳುವುದು ಹೆಚ್ಚಾಗಿ ಇಂಥ ಎಣ್ಣೆಗಳಿಂದ. ಯಾವುದನ್ನೇ ಹಾಕಿದರೂ 60–65 ಡಿಗ್ರಿಗೆ ಬಿಸಿ ಮಾಡಿ ಹಾಕಿ. ತಣ್ಣಗಿನ ಎಣ್ಣೆ ಬಿದ್ದೊಡನೆ ಮುದ್ದೆ ಬಿಗಿದು ಎಣ್ಣೆ ಪದರಪದರವಾಗಿ ನಿಂತುಬಿಡುತ್ತದೆ. ಕಿಲೋಗೆ 1 ಗ್ರಾಂ ವಿಟಮಿನ್ ಇ ಆ ಎಣ್ಣೆಯಲ್ಲೇ ಬೆರೆಸಿರಿ.

ಪರಿಮಳ ಕೊನೆಗೆ. ಮುದ್ದೆ 70 ಡಿಗ್ರಿಗಿಂತ ಕೆಳಗಿಳಿದಿರಬೇಕು, ಆದರೆ ಇನ್ನೂ ಸೌಟಿಗೆ ಬಗ್ಗುವಂತಿರಬೇಕು. ಆ ಹೊತ್ತು ಕೆಲವೇ ನಿಮಿಷ, ಆದ್ದರಿಂದ ತೂಗಿಟ್ಟ ಎಣ್ಣೆ, ಅಚ್ಚು, ಕೈಗವಸು ಮೊದಲೇ ಸಿದ್ಧವಿರಲಿ. ಕಿಲೋಗೆ 20ರಿಂದ 25 ಗ್ರಾಂ ಸುಗಂಧ ತೈಲ ಸಾಕು. ಮಜ್ಜಿಗೆ ಹುಲ್ಲಿನ ಎಣ್ಣೆ ಚೆನ್ನಾಗಿ ನಿಲ್ಲುತ್ತದೆ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಗಳು ಬೇಗ ಹಾರಿಹೋಗುತ್ತವೆ. 3–4 ಗ್ರಾಂ ಲಾವಂಚ ಅಥವಾ ಪಚೋಲಿ ಎಣ್ಣೆ ಜೊತೆಗಿದ್ದರೆ ಸ್ವಲ್ಪ ಕಾಲ ತಡೆಯುತ್ತವೆ. ಲವಂಗ, ದಾಲ್ಚಿನ್ನಿ ಎಣ್ಣೆಗಳು ಚರ್ಮಕ್ಕೆ ಉರಿ ಕೊಡಬಲ್ಲವು. ಲವಂಗದೆಣ್ಣೆಯನ್ನು 5 ಗ್ರಾಂ ದಾಟಿಸಬೇಡಿ, ದಾಲ್ಚಿನ್ನಿ ಎಣ್ಣೆಯನ್ನು ಬಿಟ್ಟೇಬಿಡಿ. ಮಲ್ಲಿಗೆ ಹೂವನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದರೆ ಪರಿಮಳ ಬರುವುದಿಲ್ಲ, ಗುಲಾಬಿ ಜಲವೂ ಅಷ್ಟೇ. ಕಡಿಮೆ ಬೆಲೆಗೆ ಸಿಗುವ ‘ಮಲ್ಲಿಗೆ ಎಣ್ಣೆ’, ‘ಗಂಧದೆಣ್ಣೆ’ಗಳು ಕೃತಕ ಸುಗಂಧ. ಅದನ್ನು ಬಳಸುವುದರಲ್ಲಿ ತಪ್ಪಿಲ್ಲ, ನೈಸರ್ಗಿಕ ಎಂದು ಹೇಳಿ ಕೊಡಬಾರದು. ನಿಜವಾದ ಗಂಧದೆಣ್ಣೆಯನ್ನು ತೊಳೆದುಹೋಗುವ ಸೋಪಿಗೆ ಸುರಿಯುವಷ್ಟು ಅಗ್ಗವಾಗಿ ಸಿಗುವುದಿಲ್ಲ.

ಅಚ್ಚಿಗೆ ಒಂದೊಂದೇ ಸೌಟು ಹಾಕಿ, ಪ್ರತಿ ಸಲ ಕೈಯಿಂದ ಒತ್ತಿ, ಅಚ್ಚನ್ನು ದಪ್ಪ ಬಟ್ಟೆಯ ಮೇಲೆ ಕುಟ್ಟಿ. ಮೇಲ್ಮೈ ಒರಟಾಗಿಯೇ ಬರುತ್ತದೆ; ಬೇಕಿದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಸವರಿ. ಒಂದೆರಡು ದಿನಕ್ಕೆ ಬಿಡಿಸಿ ಕತ್ತರಿಸಬಹುದು. ಕಾಸ್ಟಿಕ್ ತೀರಿರುವುದರಿಂದ ಕೂಡಲೇ ಬಳಸಬಹುದು ಎನ್ನುವವರಿದ್ದಾರೆ. ಚರ್ಮಕ್ಕೆ ತೊಂದರೆಯಾಗದಿರಬಹುದು, ಆದರೆ ಸೇರಿಸಿದ ನೀರು ಆರದ ಸೋಪು ಬಚ್ಚಲಲ್ಲಿ ವಾರಕ್ಕೇ ಕರಗಿಹೋಗುತ್ತದೆ. ಮರದ ಅಥವಾ ಪ್ಲಾಸ್ಟಿಕ್ ಜಾಲರಿಯ ಮೇಲೆ, ಬಿಸಿಲು ಬೀಳದ ಕಡೆ, ನಾಲ್ಕರಿಂದ ಆರು ವಾರ ಇಡಿ. ಕಬ್ಬಿಣದ ರ್‍ಯಾಕು ತಾಗಿದ ಕಡೆಯೇ ಮೊದಲು ಚುಕ್ಕೆ ಏಳುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ತೇವವನ್ನು ಗ್ಲಿಸರಿನ್ ಹೀರಿಕೊಂಡು ಸೋಪು ಬೆವರುತ್ತದೆ. ಅದು ಕೆಟ್ಟ ಲಕ್ಷಣವಲ್ಲ, ಒರೆಸಿ ಫ್ಯಾನ್ ಗಾಳಿಗೆ ಇಟ್ಟರಾಯಿತು. ವಾರಕ್ಕೊಮ್ಮೆ ಒಂದು ಬಿಲ್ಲೆಯನ್ನು ತೂಗಿ ಬರೆದಿಡಿ. 100 ಗ್ರಾಂ ಬಿಲ್ಲೆ ವಾರದಲ್ಲಿ ಒಂದು ಗ್ರಾಂಗಿಂತ ಕಡಿಮೆ ಇಳಿದರೆ ಬಳಕೆಗೆ ಸಿದ್ಧ. ಅಷ್ಟರೊಳಗೆ ಕಮಟು ವಾಸನೆ ಬಂದ ಬಿಲ್ಲೆಯನ್ನು ಮಾತ್ರ ಇನ್ನೊಮ್ಮೆ ತುರಿದು ಕಾಯಿಸಬೇಡಿ: ಕೆಟ್ಟ ಎಣ್ಣೆ ಬೇಯಿಸಿದರೆ ಸರಿಹೋಗುವುದಿಲ್ಲ, ಜೊತೆಗೆ ಹಾಕಿದ ಒಳ್ಳೆಯ ಸೋಪನ್ನೂ ಕೆಡಿಸುತ್ತದೆ.