ಪದ ಪರಿಚಯ: ಟೈಮ್‌ಸ್ಟ್ಯಾಂಪ್ ನೋಟ್

ಯಂತ್ರದ ರೀಡಿಂಗ್ ಸಮಯದ ಜತೆ ಏರಿಳಿಯುವುದನ್ನು ತೋರಿಸುವ ಗೆರೆಯೇ ಟ್ರೆಂಡ್; ಅದರ ಮೇಲೆ ಒಂದು ನಿರ್ದಿಷ್ಟ ಸಮಯಕ್ಕೆ ಅಂಟಿಸುವ ಟಿಪ್ಪಣಿ ಟೈಮ್‌ಸ್ಟ್ಯಾಂಪ್ ನೋಟ್. ನೋಟ್‌ನೊಳಗೆ ‘ರಾತ್ರಿ 2.10ಕ್ಕೆ ಲೋಡ್ ಬಿತ್ತು’ ಎಂದು ಟೈಪ್ ಮಾಡಿ, ‘ಟೈಮ್‌ಸ್ಟ್ಯಾಂಪ್ ಹಾಕಿದ್ದೀವಲ್ಲ’ ಅನ್ನುವವರು ಶಿವಮೊಗ್ಗದ ಫೌಂಡ್ರಿಗಳಲ್ಲೂ ಸಿಗುತ್ತಾರೆ, ಮಲೆನಾಡಿನ ಮಿನಿ ಹೈಡೆಲ್‌ಗಳಲ್ಲೂ ಸಿಗುತ್ತಾರೆ. ಅದು ಟೈಮ್‌ಸ್ಟ್ಯಾಂಪ್ ಅಲ್ಲ, ಗಂಟೆ ನಮೂದಿಸಿದ ಒಂದು ವಾಕ್ಯ. ಸ್ಕಾಡಾ (ಯಂತ್ರಗಳ ರೀಡಿಂಗ್ ಒಟ್ಟುಮಾಡಿ ಪರದೆಯಲ್ಲಿ ತೋರಿಸುವ ವ್ಯವಸ್ಥೆ) ಆ ವಾಕ್ಯವನ್ನು ಓದುವುದಿಲ್ಲ. ನೋಟ್ ಟ್ರೆಂಡಿನ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯಲು ಅದು ನೋಡುವುದು ಸಮಯದ ಕಾಲಂ ಒಂದನ್ನೇ.

ಒಂದು ನೋಟಿಗೆ ಸಮಯ ಎರಡು: ಘಟನೆ ನಡೆದದ್ದು, ಅದನ್ನು ಬರೆದದ್ದು. ಇದೇನೂ ಹೊಸ ಸಂಗತಿಯಲ್ಲ. ಒಪಿಸಿ ಯುಎ ಎಂಬ, ಯಂತ್ರ ಮತ್ತು ಸಾಫ್ಟ್‌ವೇರ್‌ಗಳ ನಡುವೆ ಮಾಹಿತಿ ಸಾಗಿಸುವ ಮಾನದಂಡದ ನೋಟ್, ಅಂದರೆ ಅನೊಟೇಶನ್‌ನಲ್ಲಿ ಸಂದೇಶ, ಬರೆದವರ ಹೆಸರು, ಸೇರಿಸಿದ ಸಮಯ ಇರುತ್ತವೆ. ನೋಟ್ ಯಾವ ರೀಡಿಂಗಿಗೆ ಅಂಟಿಕೊಂಡಿದೆಯೋ ಅದರ ಸಮಯ ಬೇರೆಯೇ ಇರುತ್ತದೆ. ಎರಡನ್ನೂ ಕಲಸುವುದು ನಾವು.

ಆಷಾಢದ ಮಳೆಯಲ್ಲಿ ನೀರಿನ ಜತೆ ಬರುವ ಕಸ ತಡೆಯುವ ಕಂಬಿ ಜಾಲರಿಗೆ, ಅಂದರೆ ಟ್ರ್ಯಾಶ್ ರ್‍ಯಾಕ್‌ಗೆ ಎಲೆ, ಕೊಂಬೆ ಕಟ್ಟಿಕೊಂಡು 2.10ಕ್ಕೆ ಲೋಡ್, ಅಂದರೆ ಮಷೀನ್ ಕೊಡುವ ವಿದ್ಯುತ್, ಇಳಿಯತೊಡಗಿತು ಎನ್ನಿ. ಆಪರೇಟರ್ ಮೊದಲು ರ್‍ಯಾಕ್ ಹತ್ತಿರ ಓಡುತ್ತಾರೆ, ಓಡಲೇಬೇಕು. ಕಸ ಎಳೆಸಿ ಬಂದು ಕಂಪ್ಯೂಟರ್ ಮುಂದೆ ಕೂತಾಗ 3.25. ಆಗ ನೋಟ್ ಸೇರಿಸುವ ಬಟನ್ ಒತ್ತಿದರೆ ಎಷ್ಟೋ ಸಾಫ್ಟ್‌ವೇರ್‌ಗಳು ತಾವಾಗಿಯೇ 3.25 ತುಂಬಿಕೊಳ್ಳುತ್ತವೆ. ಅಷ್ಟರಲ್ಲಿ ಲೋಡ್ ಮೇಲೆ ಬಂದಾಗಿದೆ. ಮರುದಿನ ಟ್ರೆಂಡ್ ತೆರೆದವರಿಗೆ ಕಾಣುವುದು ಚೆನ್ನಾಗಿ ಓಡುತ್ತಿರುವ ಮಷೀನಿನ ಮೇಲೆ ‘ಲೋಡ್ ಬಿತ್ತು’ ಎಂಬ ಬರಹ, 2.10ರ ಇಳಿತದ ಮೇಲೆ ಏನೂ ಇಲ್ಲ.

ಆದ್ದರಿಂದ ಮೊದಲು ಲೈವ್ ಟ್ರೆಂಡ್ ಓಡುವುದನ್ನು ನಿಲ್ಲಿಸಿ. ಆಮೇಲೆ ಜೂಮ್ ಮಾಡಿ: 24 ಗಂಟೆಯ ಟ್ರೆಂಡ್ 1440 ಪಿಕ್ಸೆಲ್ ಅಗಲದಲ್ಲಿದ್ದರೆ ಪಿಕ್ಸೆಲ್‌ಗೊಂದು ನಿಮಿಷ, ಕೈ ಚೂರು ಅಲುಗಿದರೂ ನಾಲ್ಕೈದು ನಿಮಿಷ ಆಚೀಚೆ. ಕರ್ಸರ್ ಇಡಬೇಕಾದ್ದು ಗೆರೆ ಇಳಿಯಲು ಶುರುವಾದ ಕಡೆ, ತಳ ಮುಟ್ಟಿದ ಕಡೆ ಅಲ್ಲ. ಕಾರಣ ಹುಡುಕುವವರಿಗೆ ಬೇಕಾದ್ದು ಶುರು. ಸೇವ್ ಮಾಡುವ ಮೊದಲು ಸಮಯದ ಡಬ್ಬಿಯನ್ನು ಇನ್ನೊಮ್ಮೆ ನೋಡಿ. ನೋಟ್ ಟ್ಯಾಗ್‌ಗೆ (ಸ್ಕಾಡಾದಲ್ಲಿ ಒಂದು ರೀಡಿಂಗಿಗೆ ಇಟ್ಟ ಹೆಸರು) ಅಂಟಿತೋ ಬರೀ ಆ ಪರದೆಗೋ ಎಂಬುದನ್ನೂ ನೋಡಿ. ಪರದೆಗೆ ಅಂಟಿದ್ದು ಅದೇ ಟ್ಯಾಗನ್ನು ಬೇರೆ ಪರದೆಯಲ್ಲಿ ತೆರೆದಾಗ ಕಾಣುವುದಿಲ್ಲ.

ಬರಹದಲ್ಲಿ ಕಾರಣ, ಮಾಡಿದ ಕೆಲಸ, ಫಲ ಇರಲಿ: ‘ರ್‍ಯಾಕ್ ಕಟ್ಟಿತ್ತು, 2.30ರಿಂದ 3.15ರವರೆಗೆ ಕಸ ತೆಗೆಸಿದೆವು, ಲೋಡ್ ಮೊದಲಿನಷ್ಟೇ ಬಂತು.’ ಇಲ್ಲಿ ಗಂಟೆ ಬರೆದದ್ದಕ್ಕೆ ತಕರಾರಿಲ್ಲ. ‘ಗಮನಿಸಲಾಯಿತು’, ‘ಸರಿಪಡಿಸಲಾಗಿದೆ’, ಎಲ್ಲಕ್ಕಿಂತ ‘ಓಕೆ’, ಇವನ್ನು ಬರೆಯುವ ಬದಲು ಸುಮ್ಮನಿರುವುದೇ ವಾಸಿ.

ಅಲಾರಂ ಅಕ್ನಾಲೆಡ್ಜ್ ಮಾಡುವಾಗ (ನೋಡಿದ್ದೇವೆ ಎಂದು ಒಪ್ಪಿಕೊಳ್ಳುವಾಗ) ಹಾಕುವ ಕಾಮೆಂಟ್ ಈ ಜಾತಿಗೆ ಸೇರಿದ್ದಲ್ಲ. ಅದು ಅಲಾರಂ ದಾಖಲೆಯ ಜತೆ ಹೋಗುತ್ತದೆ, ಸಾಮಾನ್ಯವಾಗಿ ಟ್ರೆಂಡಿನಲ್ಲಿ ಕಾಣುವುದಿಲ್ಲ.

ಇನ್ನು ಗಡಿಯಾರ. ಒಳಗೆ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಸಮಯ ಇಟ್ಟುಕೊಳ್ಳುವ ಸರ್ವರ್‌ಗೆ ಎಕ್ಸೆಲ್‌ನಿಂದ ನಮ್ಮ ಸಮಯವನ್ನು ಹಾಗೆಹಾಗೇ ಸುರಿದರೆ ನೋಟ್ ಐದೂವರೆ ಗಂಟೆ ಮುಂದೆ ಹೋಗಿ ಕೂರುತ್ತದೆ. ರಾತ್ರಿ 2.10ರದ್ದು ಬೆಳಿಗ್ಗೆ 7.40ಕ್ಕೆ ಕಾಣುತ್ತದೆ, ಬೈಸಿಕೊಳ್ಳುವವರು ಬೆಳಗಿನ ಶಿಫ್ಟಿನವರು. ರೀಡಿಂಗಿಗೆ ಸಮಯ ಹಾಕುವುದು ಯಂತ್ರ ನಡೆಸುವ ನಿಯಂತ್ರಕವಾದ ಪಿಎಲ್‌ಸಿ, ನೋಟಿಗೆ ಹಾಕುವುದು ಕಂಪ್ಯೂಟರ್ ಆಗಿದ್ದರೆ ಎರಡರ ಗಡಿಯಾರವೂ ಒಂದೇ ಎನ್‌ಟಿಪಿ ಸರ್ವರನ್ನು (ಗಡಿಯಾರಗಳಿಗೆ ಸರಿ ಸಮಯ ಹೇಳುವ ಕಂಪ್ಯೂಟರ್) ಕೇಳಬೇಕು. ಅದು ಇಂಟರ್ನೆಟ್ಟಿನದ್ದಾಗಿದ್ದರೆ ಮಳೆಗಾಲದಲ್ಲಿ ನೆಚ್ಚಬೇಡಿ. ಪ್ಲಾಂಟ್‌ನೊಳಗೇ ಜಿಪಿಎಸ್ ಗಡಿಯಾರ ಇರಲಿ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತ ಕಂಪ್ಯೂಟರ್ ಕರೆಂಟ್ ಹೋಗಿ ಬಂದ ಮೇಲೆ ಹಳೇ ತಾರೀಕಿನಲ್ಲಿ ಏಳುತ್ತದೆ. ಆಗ ಹಾಕಿದ ನೋಟ್ ಟ್ರೆಂಡಿನಲ್ಲಿ ಎಷ್ಟು ಹುಡುಕಿದರೂ ಸಿಗದು, ಏಕೆಂದರೆ ಅದು ಎಷ್ಟೋ ವರ್ಷ ಹಿಂದೆ ಕೂತಿರುತ್ತದೆ.

ತಪ್ಪು ಜಾಗದಲ್ಲಿ ಕೂತ ನೋಟನ್ನು ಅಳಿಸಬೇಡಿ. ಸರಿಯಾದ ಸಮಯಕ್ಕೆ ಹೊಸದೊಂದನ್ನು ಹಾಕಿ, ಹಳೆಯದರಲ್ಲಿ ‘2.10ರ ನೋಟ್ ನೋಡಿ’ ಎಂದು ಸೇರಿಸಿ.