ಹಿಮ ಬೀಳುವ ಮುಂಚೆಯೇ ಕರಗಿದ ಸೇನೆ

2025ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಸಂಶೋಧಕರು 13 ಸೈನಿಕರ ಹಲ್ಲುಗಳ ಡಿಎನ್ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಇವರೆಲ್ಲ ರಷ್ಯಾದ ಮೇಲೆ ದಂಡೆತ್ತಿ ಹೋಗಿ ಮರಳುವಾಗ 1812ರ ಡಿಸೆಂಬರಿನಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸತ್ತ ನೆಪೋಲಿಯನ್ ಸೇನೆಯವರು. ನಾಲ್ವರಲ್ಲಿ ಕೊಳಕು ನೀರು, ಆಹಾರದಿಂದ ಬರುವ ಪ್ಯಾರಾಟೈಫಾಯ್ಡಿನ ರೋಗಾಣು, ಇಬ್ಬರಲ್ಲಿ ಕೂರೆಯಿಂದ ಹರಡುವ ಮರುಕಳಿಸುವ ಜ್ವರದ ರೋಗಾಣು ಸಿಕ್ಕಿತು. ಅಲ್ಲಿಗೆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಆ ಸೇನೆಯನ್ನು ಕೊಂದದ್ದು ಚಳಿಯೋ, ಹಸಿವೋ, ರೋಗವೋ, ರಷ್ಯನ್ನರೋ?

ಚಳಿಯ ವಾದಕ್ಕೆ ಅಧಿಕೃತ ಮುದ್ರೆ ಬಿದ್ದದ್ದು ಸೇನೆಯ 29ನೇ ಬುಲೆಟಿನ್‌ನಿಂದ. 1812ರ ಡಿಸೆಂಬರ್ 3ರಂದು ಬರೆದ ಅದು 16ರಂದು ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ನವೆಂಬರ್ 6ರವರೆಗೆ ಹವೆ ಚೆನ್ನಾಗಿತ್ತು, 7ರಿಂದ ಚಳಿ ಹಿಡಿಯಿತು, ಕೆಲವೇ ದಿನಗಳಲ್ಲಿ 30,000ಕ್ಕೂ ಹೆಚ್ಚು ಕುದುರೆ ಸತ್ತವು ಎಂಬುದು ಅದರ ಸಾರ. ಆ ಹೊತ್ತಿಗಾಗಲೇ ಲಂಡನ್ನಿನ ವ್ಯಂಗ್ಯಚಿತ್ರವೊಂದು ರಷ್ಯಾದ ಹಿಮವನ್ನು 'ಜನರಲ್' ಮಾಡಿ ನಿಲ್ಲಿಸಿತ್ತು. ಈ ಮಾತು ರಷ್ಯನ್ನರನ್ನು ಚುಚ್ಚಿತು. ಗೆರಿಲ್ಲಾ ದಳ ನಡೆಸಿದ್ದ ಡೆನಿಸ್ ಡೇವಿಡೋವ್ 1835ರಲ್ಲಿ 'ಫ್ರೆಂಚ್ ಸೇನೆಯನ್ನು ನಾಶ ಮಾಡಿದ್ದು ಹಿಮವೇ?' ಎಂದು ಕೇಳಿ ಒಂದು ಪ್ರಬಂಧವನ್ನೇ ಬರೆದ. 1869ರಲ್ಲಿ ಫ್ರೆಂಚ್ ಎಂಜಿನಿಯರ್ ಶಾರ್ಲ್ ಮಿನಾರ್ ಇಡೀ ದಂಡಯಾತ್ರೆಯನ್ನು ಒಂದೇ ನಕ್ಷೆಯಲ್ಲಿ ಬಿಡಿಸಿದ. ಸೈನಿಕರ ಸಂಖ್ಯೆಗೆ ತಕ್ಕಂತೆ ಪಟ್ಟಿಯ ದಪ್ಪ: ಹೊರಟಾಗ 422,000, ಮಾಸ್ಕೋದಲ್ಲಿ 100,000, ಮರಳಿದ್ದು 10,000. ಕೆಳಗಿನ ತಾಪಮಾನದ ಗೆರೆ ಮಾತ್ರ ಮರಳುವ ದಾರಿಯದ್ದು. ಹೋಗುವಾಗಿನ ಬಿಸಿಲಿಗೆ ಅಲ್ಲಿ ಗೆರೆಯೇ ಇಲ್ಲ. ನೋಡಿದವರ ಕಣ್ಣು ಚಳಿಯ ಮೇಲೆ ನೆಟ್ಟರೆ ಆಶ್ಚರ್ಯವಿಲ್ಲ. (ಆ ಗೆರೆಯ ಅಂಕಿಗಳು ಹಳೆಯ ರೆಮ್ಯೂರ್ ತಾಪಮಾಪಕದವು. 1.25ರಿಂದ ಗುಣಿಸಿದರೆ ಸೆಲ್ಸಿಯಸ್. ಅಲ್ಲಿನ ಮೈನಸ್ 30 ಎಂದರೆ ಮೈನಸ್ 37.5.)

ಅದೇ ನಕ್ಷೆಯ ದಪ್ಪ ಪಟ್ಟಿಯನ್ನು ನಿಧಾನವಾಗಿ ನೋಡಬೇಕು. ಉತ್ತರದ ಕಡೆಗೆ ಕಳಿಸಿದ 22,000 ಮತ್ತು 60,000 ಜನರನ್ನು ಕಳೆದರೂ ಸುಮಾರು 340,000 ಉಳಿಯಬೇಕು. ಮಾಸ್ಕೋ ತಲುಪಿದ್ದು 100,000. ಅಂದು ಸೆಪ್ಟೆಂಬರ್ 14. ಹಿಮ ಇನ್ನೂ ಬಿದ್ದಿರಲಿಲ್ಲ. ಊರೂರಿನ ಕಾವಲಿಗೆ ಬಿಟ್ಟ ತುಕಡಿಗಳನ್ನೂ ಮಾಸ್ಕೋಗೆ ಮುಂಚಿನ ಬೊರೊಡಿನೊ ಕದನದ ಸುಮಾರು 30,000 ಸಾವುನೋವನ್ನೂ ಸೇರಿಸಿಕೊಂಡರೂ ಲೆಕ್ಕ ತುಂಬುವುದಿಲ್ಲ. ಕೆಲವರು 600,000 ಎಂದು ಶುರು ಮಾಡುತ್ತಾರಲ್ಲ, ಅದು ಆಮೇಲೆ ಬಂದು ಸೇರಿದವರನ್ನೂ ಕೂಡಿಸಿದ ಮೊತ್ತ. ಒಂದು ಮೊತ್ತದಿಂದ ಹೊರಟು ಇನ್ನೊಂದರಿಂದ ಕಳೆಯುವುದರಿಂದಲೇ ಅರ್ಧ ಗೊಂದಲ.

ಕುದುರೆಯಿಂದ ಶುರು ಮಾಡಿದರೆ ವಿಷಯ ಬಿಡಿಸಿಕೊಳ್ಳುತ್ತದೆ. ದುಡಿಯುವ ಕುದುರೆಗೆ ದಿನಕ್ಕೆ ಸುಮಾರು 9 ಕಿಲೋ ಮೇವು ಬೇಕು. ಕುದುರೆಗಳು 150,000 ಎಂದು ಕಡಿಮೆಯೇ ಹಿಡಿದರೂ ದಿನಕ್ಕೆ 1,350 ಟನ್. ನಾಲ್ಕು ಕುದುರೆಯ ದೊಡ್ಡ ಬಂಡಿ ಹೊರುವುದು ಒಂದೂವರೆ ಟನ್. ಎಂದರೆ ಒಂದು ದಿನದ ಮೇವಿಗೇ 900 ಬಂಡಿ, ಅವನ್ನೆಳೆಯುವ ಕುದುರೆಗಳಿಗೆ ಮತ್ತೆ ಮೇವು. ಹೊತ್ತೊಯ್ಯುವುದು ಆಗದ ಮಾತು. ದಾರಿಯಲ್ಲೇ ಮೇಯಲಿ ಎಂದು ಹುಲ್ಲು ಬೆಳೆಯುವವರೆಗೆ ಕಾದು ಜೂನ್ 24ಕ್ಕೆ ರಷ್ಯಾದ ಗಡಿಯ ನೀಮೆನ್ ನದಿ ದಾಟಿದರು. ಆಗ ಹೊಲದಲ್ಲಿದ್ದದ್ದು ಬಲಿಯದ ಹಸಿ ರೈ ಪೈರು. ಓಟ್ಸ್ ತಿಂದು ರೂಢಿಯಾದ ಕುದುರೆ ಹಸಿದ ಹೊಟ್ಟೆಯಲ್ಲಿ ಅದನ್ನು ಮೇಯ್ದರೆ ಒಳಗೆ ಹುಳಿಯಾಗಿ ವಾಯು ತುಂಬುತ್ತದೆ. ಕುದುರೆಗೆ ವಾಂತಿಯಾಗುವುದಿಲ್ಲ. ಹೊಟ್ಟೆಶೂಲೆ ಬಂದು ಬಿದ್ದು ಹೊರಳಾಡಿ ಸಾಯುತ್ತದೆ. ಜೂನ್ 29ರ ಗುಡುಗು ಮಳೆಯ ಜೊತೆ ಇದೂ ಸೇರಿ ವಿಲ್ನಿಯಸ್ ಸುತ್ತಮುತ್ತ ಸತ್ತ ಕುದುರೆಗಳು ಸುಮಾರು 10,000. ಗಡಿ ದಾಟಿ ಒಂದು ವಾರವೂ ಆಗಿರಲಿಲ್ಲ.

ಎಳೆಯುವ ಪ್ರಾಣಿ ಸತ್ತರೆ ಬಂಡಿ ನಿಂತಿತು, ಬಂಡಿ ನಿಂತರೆ ಹಿಟ್ಟು ಹಿಂದುಳಿಯಿತು. ಯೋಜನೆ ಇದ್ದದ್ದು 24 ದಿನದ ರೇಷನ್ನಿಗೆ: 4 ದಿನದ್ದು ಸೈನಿಕನ ಬೆನ್ನಚೀಲದಲ್ಲಿ, 20 ದಿನದ್ದು ಬಂಡಿಯಲ್ಲಿ. ಭಾರದ ಬಂಡಿಗಳು ಲಿಥುವೇನಿಯಾದ ಮರಳು ದಾರಿಯಲ್ಲಿ ಹೂತವು, ಮಳೆಯ ಮೇಲೆ ಕೆಸರಿನಲ್ಲಿ ಅಚ್ಚಿನವರೆಗೆ ಇಳಿದವು. ಇದಕ್ಕೆ ಹತ್ತು ವರ್ಷ ಮುಂಚೆ ಮೈಸೂರಿನ ಅಮೃತಮಹಲ್ ಎತ್ತುಗಳನ್ನೂ ಧಾನ್ಯ ಹೇರಿ ತರುವ ಬಂಜಾರರನ್ನೂ ನೆಚ್ಚಿ ದಖ್ಖನಿನಲ್ಲಿ ದಂಡು ನಡೆಸಿದ್ದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಎತ್ತು, ಅಕ್ಕಿಯ ಲೆಕ್ಕವೇ ಮತ್ತೆ ಮತ್ತೆ ಬರುತ್ತದೆ. ಯುದ್ಧ ಓದುವವರು ಇಂಥ ಲೆಕ್ಕವನ್ನು ಹಾರಿಸಿ ಕದನದ ಪುಟಕ್ಕೆ ಓಡಬಾರದು.

ಹಸಿದವರು ಅನ್ನ ಹುಡುಕಿ ಸಾಲು ಬಿಟ್ಟು ಚದುರಿದರು, ಸಿಕ್ಕ ಹೊಂಡದ ನೀರು ಕುಡಿದರು, ಭೇದಿ ಹಿಡಿಯಿತು. ಬಟ್ಟೆ ಒಗೆಯಲು ಬಿಡುವಿಲ್ಲದೆ ಕೂರೆ ಹತ್ತಿತು. ಇದು ತಲೆಯ ಹೇನಲ್ಲ. ಅಂಗಿಯ ಹೊಲಿಗೆಯಲ್ಲಿ ಮೊಟ್ಟೆಯಿಟ್ಟು ಮೈಯ ರಕ್ತ ಕುಡಿಯುವಂಥದು. ಜ್ವರದಿಂದ ಮೈ ಸುಟ್ಟರೂ ಹೆಣವಾಗಿ ತಣ್ಣಗಾದರೂ ಅದು ಪಕ್ಕದವನ ಮೈಗೆ ದಾಟುತ್ತದೆ. ಅದರ ಹಿಕ್ಕೆ ತುರಿಸಿಕೊಂಡ ಗಾಯಕ್ಕೆ ಸೇರಿದರೆ ಟೈಫಸ್ ಎಂಬ ಮಾರಕ ಜ್ವರ (ಟೈಫಾಯ್ಡ್ ಅಲ್ಲ). ಟೈಫಸ್ ಕೂರೆಯಿಂದ ಹರಡುತ್ತದೆಂದು ಶಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು 1909ರಲ್ಲಿ. 1812ರ ವೈದ್ಯರಿಗೆ ಅದು ತಿಳಿಯುವಂತಿರಲಿಲ್ಲ.

ಮರಳುವ ಹಾದಿಯ ಚಳಿ ಸುಳ್ಳಲ್ಲ. ಅದು ಬಿದ್ದದ್ದು ಆಗಲೇ ಸವೆದಿದ್ದ ಸೇನೆಯ ಮೇಲೆ. ಅಕ್ಟೋಬರ್ 19ಕ್ಕೆ ಮಾಸ್ಕೋ ಬಿಟ್ಟವರು, ಹೋಗುವಾಗಲೇ ಬರಿದು ಮಾಡಿದ್ದ ದಾರಿಗೇ ಮತ್ತೆ ಬಂದು ಬಿದ್ದರು. ಹೆಚ್ಚಿನ ಕುದುರೆಗಳ ಲಾಳಕ್ಕೆ ಮಂಜುಗಡ್ಡೆಯಲ್ಲಿ ಕಚ್ಚಿಕೊಳ್ಳುವ ಮುಳ್ಳಿರಲಿಲ್ಲ. ದಿಬ್ಬ ಬಂದಲ್ಲೆಲ್ಲ ಜಾರಿ ಬಿದ್ದವು, ಫಿರಂಗಿಗಳನ್ನು ಅಲ್ಲಲ್ಲೇ ಬಿಡಬೇಕಾಯಿತು. ಚಕ್ರವರ್ತಿ ನೆಪೋಲಿಯನ್ನನ ಲಾಯದ ಕುದುರೆಗಳಿಗೆ ಅದರ ಮುಖ್ಯಸ್ಥ ಕೋಲೆನ್‌ಕೂರ್ ಮುಂಚೆಯೇ ಅಂಥ ಲಾಳ ಹೊಡೆಸಿದ್ದ, ಅವು ಕಾಲೂರಿ ನಡೆದವು. ನವೆಂಬರ್ 26ರ ಹೊತ್ತಿಗೆ ಬೆರೆಜಿನಾ ನದಿಯ ಬಳಿ ಚಳಿಯೇ ಕೈಕೊಟ್ಟಿತ್ತು: ಮಂಜು ಕರಗಿ ನೀರು ಹರಿಯುತ್ತಿತ್ತು. ಗಡ್ಡೆ ಕಟ್ಟಿದ್ದರೆ ನಡೆದೇ ದಾಟಬಹುದಿತ್ತು. ತೇಲುಸೇತುವೆಯ ದೋಣಿಗಳನ್ನು ಕೆಲ ದಿನ ಮೊದಲು ಓರ್ಷಾದಲ್ಲಿ ಸುಟ್ಟಾಗಿತ್ತು. ಸೇತುವೆ ಕಟ್ಟುವ ದಳದ ಜನರಲ್ ಎಬ್ಲೆ ಉಳಿಸಿಕೊಂಡಿದ್ದ ಎರಡು ಕುಲುಮೆ, ಎರಡು ಬಂಡಿ ಇದ್ದಿಲು, ಆರು ಬಂಡಿ ಸಲಕರಣೆಯಿಂದ, ಸ್ಟುಡಿಯಾಂಕಾ ಹಳ್ಳಿಯ ಮನೆಗಳ ಮರ ಕಿತ್ತು ಎರಡು ಸೇತುವೆ ಕಟ್ಟಿದರು. ಎದೆಮಟ್ಟದ ನೀರಿನಲ್ಲಿ ನಿಂತು ಕಟ್ಟಿದವರಲ್ಲಿ ಬದುಕಿ ಬಂದವರು ಬಹಳ ಕಡಿಮೆ. ಎಬ್ಲೆ ಆ ವರ್ಷದ ಕೊನೆಯ ದಿನ ತೀರಿಕೊಂಡ.

ಹೀಗೆ ಉಳಿದವರು ಡಿಸೆಂಬರ್ 8ರ ಸುಮಾರಿಗೆ ವಿಲ್ನಿಯಸ್ ಸೇರಿದರು. 2001ರಲ್ಲಿ ಅಲ್ಲಿ ಮನೆ ಕಟ್ಟಲು ನೆಲ ಅಗೆಯುವಾಗ 3,000ಕ್ಕೂ ಹೆಚ್ಚು ಅಸ್ಥಿಪಂಜರಗಳ ಗುಂಡಿ ಸಿಕ್ಕಿತು. 2006ರಲ್ಲಿ 35 ಸೈನಿಕರ ಹಲ್ಲು ಪರೀಕ್ಷಿಸಿದವರಿಗೆ ಮೂವರಲ್ಲಿ ಟೈಫಸ್, ಏಳು ಮಂದಿಯಲ್ಲಿ ಕೂರೆಯಿಂದಲೇ ಬರುವ ಟ್ರೆಂಚ್ ಜ್ವರದ ಕುರುಹು ಕಂಡಿತು. 2025ರ 13 ಮಂದಿಯಲ್ಲಿ ಟೈಫಸ್ ಸಿಗಲಿಲ್ಲ. ಹಾಗೆಂದು ಟೈಫಸ್ ಇರಲಿಲ್ಲ ಎನ್ನುವುದೂ ಪ್ಯಾರಾಟೈಫಾಯ್ಡೇ ಕೊಂದಿತು ಎನ್ನುವುದೂ ಅವಸರ. ಎರಡೂ ಅಧ್ಯಯನ ಸೇರಿದರೂ ನೋಡಿದ್ದು 50 ಜನರೊಳಗೆ.